ಕಾಗಿಣಾ ತೀರದ ಶಹಾಬಾದ

ಕಲಬುರಗಿ ಮಹಾನಗರದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರಿನ ಅಂತರದಲ್ಲಿ, ಕಾಗಿಣಾ ನದಿಯ ತೀರದಲ್ಲಿರುವ ಶಹಾಬಾದವು ಚಿಕ್ಕ ಪಟ್ಟಣವಾದರೂ ಅದರ ಹೆಸರು ದೊಡ್ಡದು. ಈ ಊರನ್ನು ಕಣ್ಣಾರೆ ಕಾಣದವರೂ ಇದರ ಫರಸಿಕಲ್ಲಿನ ನೆಲದ ಮೇಲೆ ನಡೆದಿರುವರು.

ಈ ಸುಣ್ಣಕಲ್ಲು ಭೂಗರ್ಭದಲ್ಲಿ ಪದರುಪದರಾಗಿ ಹಾಸಿಕೊಂಡಿರುವುದರಿಂದ ಉಳಿ, ಸುತ್ತಿಗೆ, ಹಾರೆಗಳಿಂದಲೇ ಹಲಗೆಯಂತೆ ಏಳುವುದು. ಭೂಶಾಸ್ತ್ರಜ್ಞರು ಆ ಶಿಲಾಸ್ತರಕ್ಕೆ ಶಹಾಬಾದದ ಹೆಸರನ್ನೇ ಇಟ್ಟಿರುವರು. ಈ ಸೀಮೆಯಲ್ಲಿ ಸುಣ್ಣಕಲ್ಲಿನ ಕಾಯಕವು ಇಂದು ನಿನ್ನೆಯದಲ್ಲ. ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ ದೊರೆತ, ಹೆಸರು ಕೆತ್ತಿದ ಅಶೋಕ ಚಕ್ರವರ್ತಿಯ ಶಿಲ್ಪವು ಸುಣ್ಣಕಲ್ಲಿನದೇ ಆಗಿರುವುದು.

ಇದೇ ಕಾಗಿಣೆಯ ಮೇಲ್ಭಾಗದಲ್ಲಿ, ಸೇಡಂ ತಾಲೂಕಿನ ಮಳಖೇಡವು ಒಮ್ಮೆ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದು, ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವನ್ನು ಪಡೆಯಿತು. ಕ್ರಿ. ಶ. 972ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೊಂಡನು. ಮಳಖೇಡದ ಭಾಗ್ಯವು ಅರಸರಿಂದ ಬಂದಿತು. ಶಹಾಬಾದದ ಭಾಗ್ಯವಾದರೋ ನೆಲದಿಂದಲೂ ದುಡಿಯುವ ಕೈಗಳಿಂದಲೂ ಬಂದಿತು.

ಮುಂಬಯಿ-ಮದರಾಸು ರೈಲುಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಕೂಡಿತು; 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಂ ರೈಲು ಹೊರಟಿತು. ಭಾರವಾದ ಕಲ್ಲಿಗೆ ದೂರದ ಪೇಟೆಗಳು ತೆರೆದವು. ಅದೇ ಸುಣ್ಣಕಲ್ಲೇ ಇಲ್ಲಿ ಸಿಮೆಂಟನ್ನೂ ಹುಟ್ಟಿಸಿತು. 1936ರಲ್ಲಿ ಹಲವು ಸಿಮೆಂಟು ಕಂಪನಿಗಳು ಕೂಡಿ ಎ. ಸಿ. ಸಿ. ಸಂಸ್ಥೆಯಾದಾಗ ಶಹಾಬಾದದ ಕಂಪನಿಯೂ ಅದರಲ್ಲಿ ಸೇರಿತು. 1948ರಲ್ಲಿ ನಿಜಾಂ ಆಳಿಕೆ ಮುಗಿದು, 1956ರಲ್ಲಿ ಈ ಸೀಮೆಯು ಕನ್ನಡ ರಾಜ್ಯದಲ್ಲಿ ಒಂದಾಯಿತು. 2018ರಲ್ಲಿ ಶಹಾಬಾದವು ತಾಲೂಕಿನ ಕೇಂದ್ರವೂ ಆಯಿತು.

ಆದರೆ ಕಾಲವು ಒಂದೇ ತೆರನಾಗಿರದು. ಹಳೆಯ ಸಿಮೆಂಟು ಕಾರ್ಖಾನೆಯು ಮುಂದೆ ಮುಚ್ಚಿತು; ನುಣುಪಾದ ಹೊಸ ಹಾಸುಬಿಲ್ಲೆಗಳು ಫರಸಿಯ ಸ್ಥಾನವನ್ನು ಹಿಡಿದವು. ಕಲ್ಲು ತೆಗೆದ ತಗ್ಗುಗಳಲ್ಲಿ ಮಳೆಯ ನೀರು ನಿಲ್ಲುವುದು. ಒಡೆದುಳಿದ ಚೂರುಗಳು ಹೊಲದ ಬದುಗಳಲ್ಲಿ ರಾಶಿಬೀಳುವವು. ತೊಗರಿ ಬೆಳೆಯುವ ಎರೆಮಣ್ಣು ಒಮ್ಮೆ ಈ ರಾಶಿಯ ಕೆಳಗೆ ಹೂತರೆ ಮತ್ತೆ ಬಿತ್ತನೆಗೆ ಬರುವುದು ಕಷ್ಟ.

ಬೆಳೆಯನ್ನು ವರ್ಷವರ್ಷವೂ ಕೊಯ್ಯಬಹುದು; ಕಲ್ಲನ್ನು ಒಮ್ಮೆ ಮಾತ್ರ ತೆಗೆಯಬಹುದು. ಆದುದರಿಂದ ಕಲ್ಲು ತೆಗೆದವರೇ ತಗ್ಗನ್ನು ಮುಚ್ಚುವುದೂ, ಧೂಳಿನಲ್ಲಿ ದುಡಿಯುವವರ ಉಸಿರನ್ನು ಕಾಯುವುದೂ, ಕಾಗಿಣೆಯ ನೀರನ್ನು ನಿರ್ಮಲವಾಗಿ ಇಡುವುದೂ ಊರಿನ ಋಣವನ್ನು ತೀರಿಸುವ ದಾರಿ. ಪರರ ಮನೆಗಳಿಗೆ ನೆಲ ಹಾಸಿಕೊಟ್ಟ ಊರಿಗೆ ತನ್ನ ನೆಲವು ಉಳಿಯಬೇಕಾದುದು ನ್ಯಾಯವಲ್ಲವೇ?