ಶೋಲೆಯ ಎರಡು ಅಂತ್ಯಗಳು

ಮನೆಯಲ್ಲಿಯೇ ಡಿವಿಡಿ ಹಾಕಿ ಸಿನಿಮಾ ನೋಡುವ ಕಾಲ ಬಂದಾಗ ನಮಗೆ ಒಂದು ಹೊಸ ರುಚಿಯೂ ಹತ್ತಿತು. ಚಿತ್ರ ಮುಗಿದ ಮೇಲೆ ಚಿತ್ರೀಕರಣದ ತುಣುಕುಗಳು, ನಿರ್ದೇಶಕರ ಮಾತು, ಕತ್ತರಿಸಿ ತೆಗೆದ ದೃಶ್ಯಗಳು ಇವನ್ನೆಲ್ಲ ಒಂದೊಂದಾಗಿ ನೋಡುವುದು. ಇದು ಅಂಗಡಿಯವನು ಸಾಮಾನಿನ ಜೊತೆ ಹಾಕುವ ಕೊಸರು ಎಂದೇ ನಾವು ತಿಳಿದಿದ್ದೆವು. ಕೊಸರಿನಲ್ಲಿಯೂ ಇತಿಹಾಸ ಅಡಗಿರುತ್ತದೆ ಎಂದು ನಮಗೆ ಕಲಿಸಿದ್ದು ‘ಶೋಲೆ’.

ಒಂದು ಈದ್‌ನ ರಾತ್ರಿ ಮನೆಮಂದಿಯೆಲ್ಲ ಕುಳಿತು ಆ ಚಿತ್ರ ನೋಡುತ್ತಿದ್ದೆವು. ಪ್ರತಿ ಸಂಭಾಷಣೆಯೂ ನಮಗೆ ಬಾಯಿಪಾಠ. ಕೊನೆಯಲ್ಲಿ ಪೊಲೀಸರು ಬಂದು ಠಾಕೂರನನ್ನು ತಡೆಯುತ್ತಾರೆ, ಗಬ್ಬರ್ ಕಾನೂನಿನ ಕೈಗೆ ಸಿಗುತ್ತಾನೆ ಎಂಬುದೂ ಗೊತ್ತಿತ್ತು. ಆದರೆ ಆ ಡಿವಿಡಿಯಲ್ಲಿ ಪೊಲೀಸರು ಬರಲೇ ಇಲ್ಲ! ತೋಳಿಲ್ಲದ ಠಾಕೂರ್ ಮೊಳೆ ಹೊಡೆದ ಬೂಟುಗಳಿಂದಲೇ ಗಬ್ಬರನನ್ನು ಮುಗಿಸಿದ. ಆಮೇಲೆ ಗೆದ್ದವನಂತೆ ನಗಲಿಲ್ಲ, ಅತ್ತ. ಅಮ್ಮಿ ಮಾತ್ರ ಮೆಲ್ಲಗೆ, ಇಷ್ಟು ವರ್ಷ ನಮಗೆ ತೋರಿಸಿದ್ದು ಸುಳ್ಳೇ ಎಂದು ಕೇಳಿದರು.

ಸುಳ್ಳಲ್ಲ, ಅದು ಒಂದು ಕಾಲದ ಅಪ್ಪಣೆ. 1973ರ ಅಕ್ಟೋಬರ್‌ನಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ರಮೇಶ್ ಸಿಪ್ಪಿ ಚಿತ್ರೀಕರಣ ಆರಂಭಿಸಿದರು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಅಲ್ಲಿ ಒಂದು ಹಳ್ಳಿಯನ್ನೇ ಎಬ್ಬಿಸಿದರು. ಸಲೀಂ-ಜಾವೇದ್ ಬರೆದ ಕಥೆಯಲ್ಲಿ ಗಬ್ಬರ್ ಸಾಯುತ್ತಿದ್ದ. ಆದರೆ ಚಿತ್ರ ಸೆನ್ಸಾರ್ ಮುಂದೆ ಹೋಗುವಾಗ ದೇಶದಲ್ಲಿ ತುರ್ತುಪರಿಸ್ಥಿತಿ ಬಂದಿತ್ತು. ಮಾಜಿ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಒಪ್ಪಲಿಲ್ಲ. ಅಂತ್ಯವನ್ನು ಮತ್ತೆ ಚಿತ್ರೀಕರಿಸಬೇಕಾಯಿತು. 1975ರ ಆಗಸ್ಟ್ 15ರಂದು ತೆರೆಗೆ ಬಂದದ್ದು ಆ ತಿದ್ದಿದ ಶೋಲೆ.

ಇಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ಪರದೆಯ ಮೇಲೆ ಡಕಾಯಿತನಿಗೂ ಕಾನೂನಿನ ರಕ್ಷಣೆ ಸಿಕ್ಕಿತು. ಪರದೆಯ ಹೊರಗೆ ಸಾವಿರಾರು ಜನರು ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದರು. ಬೊಂಬಾಯಿಯ ಮಿನರ್ವಾದಲ್ಲಿ ಶೋಲೆ ಓಡುತ್ತಿದ್ದಾಗಲೇ, 1976ರ ಏಪ್ರಿಲ್‌ನಲ್ಲಿ, ಬಂಧನವನ್ನು ಪ್ರಶ್ನಿಸಿ ಕೋರ್ಟಿನ ಬಾಗಿಲು ತಟ್ಟುವ ಹಕ್ಕು ಬಂಧಿಗಳಿಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ರಾಮನಗರದಿಂದ ಬಹಳ ದೂರವೇನಿಲ್ಲದ ಬೆಂಗಳೂರಿನ ಜೈಲಿನಲ್ಲಿ ‘ಸಂಸ್ಕಾರ’ದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳುತ್ತಿದ್ದರು. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಗಬ್ಬರನಿಗೆ ಸಿಕ್ಕ ಇನ್ಸಾಫ್ ಅವರಿಗೆ ಸಿಗಲಿಲ್ಲ.

ಹಾಗೆಂದು ಠಾಕೂರನ ಸೇಡೇ ಸರಿ ಎಂದು ನಾವು ಹೇಳುತ್ತಿಲ್ಲ. ಶಿಕ್ಷೆ ಕೊಡುವುದು ಕಾನೂನಿನ ಕೆಲಸ ಎಂಬ ಮಾತು ನಿಜವೇ. ಗುಂಪುಗಳು ಬೀದಿಯಲ್ಲಿಯೇ ತೀರ್ಪು ಕೊಡುವುದನ್ನು ಕಂಡಿರುವ ನಮಗೆ ಅದರ ಬೆಲೆ ಗೊತ್ತು. ಆದರೆ ಸೇಡು ತೀರಿದ ಮೇಲೂ ಮನುಷ್ಯ ಬರಿದಾಗಿಯೇ ಉಳಿಯುತ್ತಾನೆ ಎಂಬುದನ್ನು ಠಾಕೂರನ ಅಳು ಯಾವ ಉಪದೇಶವೂ ಇಲ್ಲದೆ ಹೇಳಿತ್ತು. ಕತ್ತರಿಗೆ ಅದು ಕೇಳಿಸಲಿಲ್ಲ.

ಎಲ್ಲ ಕತ್ತರಿಯೂ ಕೆಟ್ಟದ್ದೇ? ಇಮಾಂ ಸಾಹೇಬರ ಮಗ ಅಹ್ಮದನ ಕೊಲೆಯನ್ನೂ ತೆಗೆದುಹಾಕಲಾಯಿತು. ಚಿತ್ರಮಂದಿರದಲ್ಲಿ ಜನ ನೋಡಿದ್ದು ಗಬ್ಬರ್ ತನ್ನ ಕೈಮೇಲಿನ ಇರುವೆಯನ್ನು ಹೊಸಕುವುದನ್ನು, ಬಳಿಕ ಕುದುರೆಯ ಮೇಲೆ ಹಳ್ಳಿಗೆ ಬರುವ ಹೆಣವನ್ನು. ಕಣ್ಣು ಕಾಣದ ತಂದೆ ಈ ಮೌನವೇಕೆ ಎಂದು ಕೇಳುವಾಗ ನಮ್ಮ ಎದೆ ಬಿರಿಯುತ್ತದೆ. ಕಥೆ ಬರೆಯುವ ನಾವು ಒಪ್ಪಲೇಬೇಕು: ರಕ್ತ ತೋರಿಸದ ಆ ಕ್ರೌರ್ಯವೇ ಹೆಚ್ಚು ಆಳಕ್ಕೆ ಇಳಿಯಿತು. ಆದರೆ ಕಲಾವಿದ ತಾನೇ ಬಿಟ್ಟದ್ದು ಬೇರೆ, ಅಧಿಕಾರ ಬಿಡಿಸಿದ್ದು ಬೇರೆ.

ಮೂಲ ಅಂತ್ಯ ಮುಂದೆ ವಿಡಿಯೋ ಕ್ಯಾಸೆಟ್, ಡಿವಿಡಿಗಳ ಮೂಲಕ ಮನೆಮನೆಗಳಲ್ಲಿ ಬದುಕಿಕೊಂಡಿತು. ಮೂಲ ನೆಗೆಟಿವ್ ಕೆಟ್ಟುಹೋಗಿತ್ತು. 70 ಎಂಎಂ ಪ್ರತಿಯೊಂದೂ ಉಳಿದಿರಲಿಲ್ಲ. ಲಂಡನ್ನಿನ ಗೋದಾಮಿನಲ್ಲಿ ಸಿಕ್ಕ ಸಾಮಗ್ರಿಯ ನೆರವಿನಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಚಿತ್ರವನ್ನು ಪುನರುಜ್ಜೀವನಗೊಳಿಸಿತು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ, ಡಿಸೆಂಬರ್‌ನಲ್ಲಿ ಭಾರತದ ಚಿತ್ರಮಂದಿರಗಳಲ್ಲಿ, ಗಬ್ಬರ್ ಮೂಲ ಕಥೆಯಂತೆಯೇ ಸತ್ತ.

ಅದಕ್ಕೆ 50 ವರ್ಷ ಬೇಕಾಯಿತು. ಸಿನಿಮಾದ ಕತ್ತರಿಸಿದ ತುಣುಕಾದರೂ ಯಾವುದೋ ಗೋದಾಮಿನಲ್ಲಿ ಉಳಿದಿರುತ್ತದೆ. ಆ ದಿನಗಳಲ್ಲಿ ಕತ್ತರಿಸಿಹೋದ ಬದುಕುಗಳನ್ನು ಯಾವ ಕೊಸರಿನಲ್ಲಿ ಹುಡುಕೋಣ?