ದಿಂಡಿಗಲ್ಲಿನಲ್ಲಿ ಒಂದು ಹಗಲು

ಇತಿಹಾಸವನ್ನು ಪಾಠಪುಸ್ತಕದಲ್ಲಿ ಓದುವುದು ಒಂದು ಬಗೆ. ಅದು ನಡೆದ ನೆಲದ ಮೇಲೆ ನಿಂತು ತಿಳಿಯುವುದು ಇನ್ನೊಂದು ಬಗೆ. ಈ ಕಡೆಗೆ ಪ್ರವಾಸ ಬರುವ ನಮ್ಮ ಶಿಕ್ಷಕಬಂಧುಗಳು ಮಧುರೆಯನ್ನೂ ಕೊಡೈಕಾನಲನ್ನೂ ಕಂಡು ಹಿಂದಿರುಗುವುದು ವಾಡಿಕೆ. ಅವೆರಡರ ನಡುವೆ ದಿಂಡಿಗಲ್ಲಿಗೂ ಒಂದು ಹಗಲನ್ನು ಮೀಸಲಿಡಬೇಕೆಂದು ನಾವು ಬಿನ್ನವಿಸುತ್ತೇವೆ. ತೇನಿಯಿಂದ ಬತ್ತಲಗುಂಡಿನ ಮಾರ್ಗವಾಗಿ ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ.

ಮೊದಲು ಬೆಟ್ಟವನ್ನೇರಬೇಕು. ದಿಂಬಿನಂತೆ ಉದ್ದಕ್ಕೆ ಮಲಗಿರುವ ಈ ಹೆಬ್ಬಂಡೆಯಿಂದಲೇ ಊರಿಗೆ ಹೆಸರು ಬಂದಿತೆನ್ನುತ್ತಾರೆ. ‘ದಿಂಡು’, ‘ಕಲ್ಲು’ ಎರಡೂ ಕನ್ನಡದ ಮಕ್ಕಳಿಗೆ ಅಪರಿಚಿತವಲ್ಲ. ಬಿಸಿಲೇರಿದರೆ ಬಂಡೆ ಕಾಯುವುದು. ಆದುದರಿಂದ ಬೆಳಗ್ಗೆ ಕೋಟೆಯ ಬಾಗಿಲು ತೆರೆದೊಡನೆ ಹತ್ತುವುದು ಲೇಸು. ಕುಡಿಯುವ ನೀರನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ಗೋಡೆಯಂಚಿಗೆ ಮಕ್ಕಳನ್ನು ಬಿಡಲಾಗದು.

ಮಧುರೆಯ ಮುತ್ತುಕೃಷ್ಣಪ್ಪ ನಾಯಕನು 1605ರಲ್ಲಿ ಈ ಕೋಟೆಯನ್ನು ಕಟ್ಟಿಸಿದನು; ತಿರುಮಲ ನಾಯಕನು ಬಲಪಡಿಸಿದನು. 1742ರಲ್ಲಿ ಮೈಸೂರಿನ ಸೈನ್ಯ ಇದನ್ನು ಹಿಡಿಯಿತು. 1755ರಲ್ಲಿ ಹೈದರಾಲಿಯು ಇಲ್ಲಿಯ ಫೌಜುದಾರನಾಗಿ ಬಂದು, ಫ್ರೆಂಚರ ನೆರವಿನಿಂದ ಮದ್ದುಗುಂಡುಗಳ ಕಾರ್ಖಾನೆಯನ್ನು ಸ್ಥಾಪಿಸಿದನು. ಮುಂದೆ ಮೈಸೂರನ್ನಾಳಿದವನ ಏಳಿಗೆಗೆ ಈ ಬಂಡೆಯೇ ಮೆಟ್ಟಿಲಾಯಿತು. 1783ರಲ್ಲಿ ಇಂಗ್ಲಿಷರು ಕೋಟೆಯನ್ನು ಗೆದ್ದು, ಮರುವರ್ಷ ಮಂಗಳೂರಿನ ಒಪ್ಪಂದದಂತೆ ಹಿಂದಿರುಗಿಸಿದರು. 1790ರಲ್ಲಿ ಅದು ಮತ್ತೆ ಅವರ ಕೈಸೇರಿತು; 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಸೀಮೆ ಮೈಸೂರಿಗೆ ಶಾಶ್ವತವಾಗಿ ತಪ್ಪಿತು.

ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ‘ಇದು ನಮ್ಮವರ ಕೋಟೆ’ ಎಂದು ಮಕ್ಕಳು ಉಬ್ಬುವುದು ಸಹಜ. ಆದರೆ ಪಾಳೆಯಗಾರರನ್ನು ಅಡಗಿಸಿ ಕಪ್ಪ ವಸೂಲು ಮಾಡಿದವರೂ ಆ ನಮ್ಮವರೇ. ಪತಿಯನ್ನೂ ರಾಜ್ಯವನ್ನೂ ಕಳೆದುಕೊಂಡ ಶಿವಗಂಗೆಯ ರಾಣಿ ವೇಲು ನಾಚ್ಚಿಯಾರಳಿಗೆ ಸಮೀಪದ ವಿರೂಪಾಕ್ಷಿಯಲ್ಲಿ ಆಶ್ರಯ ದೊರೆತುದೂ, 1780ರಲ್ಲಿ ಹೈದರನ ಸಹಾಯದಿಂದ ಆಕೆ ರಾಜ್ಯವನ್ನು ಮರಳಿ ಪಡೆದುದೂ ಅಷ್ಟೇ ನಿಜ. ಎರಡನ್ನೂ ಹೇಳಿದಾಗಲೇ ಪಾಠ ಪೂರ್ಣವಾದೀತು.

ಕಂಬಂ ಕಣಿವೆಯ ಊರುಗಳಲ್ಲಿ ಮನೆಮಾತಾಗಿ ಕನ್ನಡವನ್ನಾಡುವ ಕಪ್ಪಿಲಿಯರೆಂಬ ಒಕ್ಕಲಿಗರಿದ್ದಾರೆ. ಅವರನ್ನು ಹೈದರನ ದಂಡಿನೊಡನೆ ಬಂದವರೆಂದು ಭಾವಿಸಬಾರದು. ಅವರ ಹಿರಿಯರು ಹೇಳುವ ವಲಸೆಯ ಕಥೆ ಅದಕ್ಕೂ ಹಳೆಯದು. ಅವರು ಓದುಬರಹ ಕಲಿಯುವುದು ತಮಿಳಿನಲ್ಲಿ. ಲಿಪಿಯ ಆಸರೆಯಿಲ್ಲದೆ ತಲೆಮಾರುಗಳ ಕಾಲ ಉಳಿದುಬಂದ ಆ ನುಡಿಯನ್ನು ಮಕ್ಕಳು ಕೇಳಬೇಕು. ‘ಇದು ಶುದ್ಧವಲ್ಲ’ ಎಂದು ನಗಬಾರದು. ನಕ್ಕರೆ ಅವರು ನಮ್ಮೊಡನೆ ತಮಿಳಿನಲ್ಲಿಯೇ ಮಾತನಾಡುವರು, ನಷ್ಟ ನಮ್ಮದೇ.

ಊಟದ ತರುವಾಯ ಮಧುರೆಯ ರಸ್ತೆಯಲ್ಲಿರುವ ಗಾಂಧಿಗ್ರಾಮಕ್ಕೆ ಹೋಗಬಹುದು. ಡಾಕ್ಟರ್ ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು 1947ರಲ್ಲಿ ಇದನ್ನು ಆರಂಭಿಸಿದರು. 1956ರಲ್ಲಿ ಹುಟ್ಟಿದ ಇಲ್ಲಿಯ ಗ್ರಾಮೀಣ ವಿದ್ಯಾಸಂಸ್ಥೆಗೆ 1976ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಪಾಠ ನಡೆಯುತ್ತಿರುವ ಸ್ಥಳವಾದುದರಿಂದ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯುವುದು ಯುಕ್ತ. ಮಗ್ಗುಲಲ್ಲಿಯೇ ಚಿನ್ನಾಳಪಟ್ಟಿ ಎಂಬ ನೇಕಾರರ ಊರು. ಸುಂಗುಡಿ ಸೀರೆಗೆ ಹೆಸರಾದುದು.

ಬೆಳಗ್ಗೆ ಕಂಡ ಕೋಟೆ ಹಳ್ಳಿಗಳಿಂದ ಕಂದಾಯವನ್ನು ತೆಗೆದುಕೊಳ್ಳಲು ನಿಂತಿತ್ತು. ಸಂಜೆ ಕಂಡ ವಿದ್ಯಾಲಯ ಹಳ್ಳಿಗಳಿಗೆ ವಿದ್ಯೆಯನ್ನು ಕೊಡಲು ಹುಟ್ಟಿತು. ಹಿಂದಿರುಗುವಾಗ ಬಸ್ಸಿನಲ್ಲಿ ಈ ಎರಡರ ಕುರಿತು ಮಕ್ಕಳನ್ನೇ ಮಾತನಾಡಿಸಬೇಕು. ಮರುದಿನ ಅವರು ಬರೆಯುವ ಪ್ರಬಂಧಕ್ಕೆ ಬೇರೆ ಸಿದ್ಧತೆ ಬೇಡ.