ಭಟ್ಕಳದ ಹಳೆಯ ಬಂದರಿನಲ್ಲಿ

ರಜೆಯಲ್ಲಿ ಮುರುಡೇಶ್ವರಕ್ಕೆ ಬರುವವರು 123 ಅಡಿ ಎತ್ತರದ ಶಿವನ ಪ್ರತಿಮೆಯನ್ನು ಕಂಡು, ಕಡಲಲ್ಲಿ ಕಾಲು ತೋಯಿಸಿಕೊಂಡು, ಕಾಯ್ಕಿಣಿಯ ಹೆದ್ದಾರಿ ಹಿಡಿದು ಮರಳುತ್ತಾರೆ. ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿಯಲ್ಲಿರುವ ಭಟ್ಕಳದ ಹಳೆಯ ಬಂದರಿನತ್ತ ಹೊರಳುವವರು ವಿರಳ.

ಒಂದು ಕಾಲಕ್ಕೆ ಅದು ವಿಜಯನಗರದ ಹೆಬ್ಬಾಗಿಲು. ಅರಬ್ಬೀ ನಾಡಿನ ಕುದುರೆಗಳು ಅಲ್ಲಿಳಿದು ಘಟ್ಟವೇರುತ್ತಿದ್ದವು. ಅಕ್ಕಿ, ಸಕ್ಕರೆ, ಕಾಳುಮೆಣಸು ಹಡಗೇರುತ್ತಿದ್ದವು. ಈ ಕರಾವಳಿಯ ಮೆಣಸು ಕೆಂಪು ಸಮುದ್ರದ ಮಾರ್ಗವಾಗಿ ಅಲೆಕ್ಸಾಂಡ್ರಿಯ, ವೆನಿಸ್‌ಗಳನ್ನು ಮುಟ್ಟುತ್ತಿತ್ತು. ಆ ವ್ಯಾಪಾರವನ್ನು ಕಸಿದುಕೊಳ್ಳಲು ಪೋರ್ಚುಗೀಸರು ಹವಣಿಸಿದರು. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳದ ಮೇಲೆ ಕಪ್ಪ ಹೇರಿದನು. 1542ರಲ್ಲಿ, ರಾಣಿ ಕಪ್ಪ ಸಲ್ಲಿಸಲಿಲ್ಲವೆಂದು, ಗೋವೆಯ ಗವರ್ನರ್ ಮಾರ್ಟಿಂ ಅಫೊನ್ಸೊ ಡ ಸೋಜ ಪಟ್ಟಣವನ್ನು ಸುಲಿದು ಸುಟ್ಟನು.

ಈ ಗವರ್ನರನ ನೌಕಾಪಡೆಯೊಂದಿಗೇ 1541ರಲ್ಲಿ ಲಿಸ್ಬನ್ ಬಿಟ್ಟ ಸಂತ ಫ್ರಾನ್ಸಿಸ್ ಝೇವಿಯರ್ 1542ರ ಮೇ ತಿಂಗಳಲ್ಲಿ ಗೋವೆ ತಲುಪಿದರು. ಸಂತರು ಭಟ್ಕಳದ ದಾಳಿಯಲ್ಲಿರಲಿಲ್ಲ, ನಿಜ. ಅವರು ಮುತ್ತಿನ ಕರಾವಳಿಯ ಬೆಸ್ತರ ಬಳಿಗೆ ಹೋಗಿದ್ದರು. ಆದರೂ ಅವರ ಹಬ್ಬದ ಪ್ರಬೋಧನೆಗಳಲ್ಲಿ ನಾವು ಆ ಪಯಣವನ್ನು ಹೇಳುತ್ತೇವೆ, ಬೆಂಕಿಯನ್ನು ಹೇಳುವುದಿಲ್ಲ. ನಾನೂ ಬಹುಕಾಲ ಹೇಳಿರಲಿಲ್ಲ.

ಮುಂದಿನ ಸಲ ಹೋದಾಗ ಮಕ್ಕಳನ್ನು ಮೂಡಭಟ್ಕಳಕ್ಕೂ ಕರೆದೊಯ್ಯಿರಿ. ಅಲ್ಲಿಯ ಕೇತಪೈ ನಾರಾಯಣ ದೇವಾಲಯ ಅದೇ 16ನೆಯ ಶತಮಾನದ್ದು. ಅದರ ಕಲ್ಲಿನ ಗೋಡೆಗಳಲ್ಲಿ ರಾಮಾಯಣದ ಕಥೆಯನ್ನು ಕೆತ್ತಿದ್ದಾರೆ. ಪೇಟೆಯಲ್ಲಿ ಜಟ್ಟಪ್ಪ ಚಂದ್ರನಾಥೇಶ್ವರ ಬಸದಿಯಿದೆ, ನವಾಯತರ ಹಳೆಯ ಮಸೀದಿಗಳಿವೆ. ಸುಟ್ಟ ಊರನ್ನು ಮತ್ತೆ ಕಟ್ಟಿಕೊಂಡವರು ಇವರೇ.